ಹಟ್ಟಿ ತಿಪ್ಪೇಶನಿಗೆ, ಗಂಧದ ಗಿಡದ ಪರವಾಗಿ

ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ, ಮಳೆ ಮುನಿದ ಈ ಸೀಮೆಗೆ ಕೆರೆ ಕಟ್ಟಿಸಿದವನು ನೀನು. ಜಾತ್ರೆಯಲ್ಲಿ ಕೊಬ್ಬರಿ ಸುಡುವವರು ಮಳೆ, ಬೆಳೆ, ಸಂತಾನ ಬೇಡುತ್ತಾರೆ. ನಾನು ಮರಕ್ಕಾಗಿ ಬೇಡಲು ಬಂದಿದ್ದೇನೆ.

ನಿನ್ನ ಮಣ್ಣಿನಲ್ಲಿ ಕಣ್ಣಿಗೆ ಕಾಣದ ಒಂದು ಜೀವವಿದೆ, ಅಗ್ರೊಬ್ಯಾಕ್ಟೀರಿಯಂ. ಗುದ್ದಲಿ ತಗುಲಿಯೋ ಹುಳ ಕೊರೆದೋ ಗಿಡದ ಬುಡಕ್ಕೆ ಗಾಯವಾದರೆ, ಅಲ್ಲಿ ಒಸರುವ ರಸದ ಜಾಡು ಹಿಡಿದು ಅದು ಬರುತ್ತದೆ. ತನ್ನ ವಂಶವಾಹಿಯ, ಅಂದರೆ ಜೀನ್‌ಗಳ, ಒಂದು ತುಂಡನ್ನು ಗಿಡದ ಜೀವಕೋಶದೊಳಗೆ ಸೇರಿಸಿಬಿಡುತ್ತದೆ. ಆಮೇಲೆ ಗಿಡ ಬುಡದಲ್ಲಿ ಗಂಟು ಬೆಳೆಸಿಕೊಂಡು, ಬಂದವನಿಗೆ ಬೇಕಾದ ಆಹಾರವನ್ನು ತಾನೇ ತಯಾರಿಸಿ ಬಡಿಸುತ್ತದೆ. ನಾವು ತಿನ್ನುವ ಸಿಹಿಗೆಣಸಿನಲ್ಲೂ ಈ ಕುಲದ ಬ್ಯಾಕ್ಟೀರಿಯಾದ ವಂಶವಾಹಿ ತುಂಡುಗಳಿವೆ ಎಂದು 2015ರಲ್ಲಿ ಗೊತ್ತಾಯಿತು. ಮನುಷ್ಯ ಪ್ರಯೋಗಾಲಯ ಕಟ್ಟುವುದಕ್ಕೆ ಎಷ್ಟೋ ಮೊದಲೇ ನೀನು ಈ ಕೆಲಸ ಮಾಡಿಸಿದ್ದೆ. ಹಾಗಿರುವಾಗ ಗಿಡಕ್ಕೆ ಜೀನ್ ಸೇರಿಸುವ ವಿದ್ಯೆಯೇ ಪಾಪ ಎನ್ನಲು ನನಗೆ ನಾಲಿಗೆ ಏಳುವುದಿಲ್ಲ.

ಗಂಟು ಕಟ್ಟಿಸುವ ಜೀನ್ ತೆಗೆದು ನಮಗೆ ಬೇಕಾದ ಜೀನ್ ಇಟ್ಟರೆ ಬ್ಯಾಕ್ಟೀರಿಯಾ ಅದನ್ನೂ ಹೊತ್ತೊಯ್ಯುತ್ತದೆ. 1987ರ ಹೊತ್ತಿಗೆ ಪಾಪ್ಲಾರ್ ಮರದಲ್ಲಿ ಇದು ಸಾಧ್ಯವಾಗಿತ್ತು. 1998ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆ. ಶಂಕರರಾವ್ ಮತ್ತು ಸಹೋದ್ಯೋಗಿ ನಮ್ಮ ಶ್ರೀಗಂಧಕ್ಕೇ, ಜೀನ್ ಒಳಸೇರಿತೇ ಎಂದು ತಿಳಿಸುವ ಗುರುತಿನ ಜೀನ್‌ಗಳನ್ನು ಸೇರಿಸಿ ತೋರಿಸಿದರು. ಅದು ಪ್ರಯೋಗಾಲಯದೊಳಗಿನ ಕೆಲಸ. ಅದೇ ಸಂಸ್ಥೆಗೆ ಈಗ ನಿನ್ನ ಹಟ್ಟಿಯ ಮಗ್ಗುಲಿಗೇ, ಕುದಾಪುರದಲ್ಲಿ, 1,500 ಎಕರೆ ಜಾಗವಿದೆ.

ಶ್ರೀಗಂಧದ ಸಂಕಟ ನಿನಗೆ ಗೊತ್ತು. 1899ರಲ್ಲಿ ಕೊಡಗಿನಲ್ಲಿ ಕಂಡ ಸ್ಪೈಕ್ ರೋಗಕ್ಕೆ ಇವತ್ತಿಗೂ ನೆಟ್ಟಗೆ ಮದ್ದಿಲ್ಲ. ಎಲೆ ಕಿರಿದಾಗುತ್ತಾ ಹೋಗಿ, ಕೊಂಬೆ ಬರೀ ಕಡ್ಡಿಯಾಗಿ, ಮರ ಸಾಯುತ್ತದೆ. ಮಣ್ಣಿನ ಈ ಜೀವದ ಕೈಲಿ ಜೀನ್ ಕಳಿಸಿ ರೋಗ ತಡೆಯುತ್ತೇನೆಂದು ಯಾರಾದರೂ ಹೊರಟರೆ ಅವರ ಕೈಗೆ ಬಲ ಕೊಡು, ತಂದೆ. ಅದಕ್ಕಿಂತ ಹೆಚ್ಚು ತಾಳ್ಮೆ ಕೊಡು. ಕುಲಾಂತರಿ ಹತ್ತಿಯಾದರೆ ಸುಗ್ಗಿ ಮುಗಿದ ಮೇಲೆ ಕಿತ್ತು ಹಾಕಬಹುದು. ಗಂಧದ ಹಣ್ಣನ್ನು ಕೋಗಿಲೆ, ಪಿಕಳಾರ ತಿಂದು ಬೇಲಿಸಾಲಿನಲ್ಲಿ ಬೀಜ ಉದುರಿಸುತ್ತವೆ. ಅದರ ಬೇರು ಪಕ್ಕದ ಹೊಂಗೆ, ಜಾಲಿಯ ಬೇರಿಗೆ ಬಾಯಿಟ್ಟು ಉಣ್ಣುತ್ತದೆ. ಒಮ್ಮೆ ಹೊರಬಿದ್ದ ಜೀನನ್ನು ಯಾವ ಸರ್ಕಾರಿ ಆದೇಶವೂ ವಾಪಸ್ ಕರೆಸಲಾರದು. ಶಿಲೀಂಧ್ರದ ರೋಗಕ್ಕೆ ಚೆಸ್ಟ್‌ನಟ್ ಕಾಡುಗಳನ್ನೇ ಕಳೆದುಕೊಂಡ ಅಮೆರಿಕದವರು ಗೋಧಿಯ ಒಂದು ಜೀನನ್ನು ಆ ಮರಕ್ಕೆ ಹೀಗೆಯೇ ಸೇರಿಸಿದರು. ವರ್ಷಗಟ್ಟಲೆ ಸಾಕಿದ ಮೇಲೆ, 2023ರಲ್ಲಿ, ತಾವು ಬೆಳೆಸಿದ್ದು ತಾವಂದುಕೊಂಡ ತಳಿಯೇ ಅಲ್ಲ ಎಂದು ತಿಳಿಯಿತು. ಕಾಡಿಗೆ ಬಿಡುವ ಮೊದಲೇ ತಿಳಿದದ್ದು ಪುಣ್ಯ.

ಇಲ್ಲಿಯವರ ನೋವನ್ನೂ ನಿನ್ನ ಮುಂದಿಡುತ್ತೇನೆ. ಚಳ್ಳಕೆರೆಯ ಅಮೃತಮಹಲ್ ಕಾವಲಿನ ಹುಲ್ಲುಗಾವಲು ಸುಮಾರು 10,000 ಎಕರೆ, ಆ ಕುದಾಪುರದ ಜಾಗವೂ ಸೇರಿ, ಸಂಸ್ಥೆಗಳಿಗೆ ಹಂಚಿಹೋದಾಗ, ಅಲ್ಲಿ ಕುರಿ ಮೇಯಿಸಿ ಕಂಬಳಿ ನೇಯುವ ಊರುಗಳಿಗೆ ಸುದ್ದಿ ಮುಟ್ಟಿದ್ದು ಬೇಲಿ, ಗೋಡೆ ಎದ್ದ ಮೇಲೆ. 2013ರಲ್ಲಿ ವಿಷಯ ಹಸಿರು ನ್ಯಾಯಮಂಡಳಿಯ ತನಕ ಹೋಯಿತು. ಮರದ ವಿಷಯದಲ್ಲಿ ಹಾಗಾಗದಿರಲಿ.

ಕುಲಾಂತರಿ ಮರವೊಂದನ್ನು ಬಯಲಿಗಿಳಿಸುವ ದಿನ ಬಂದರೆ, ಕುಲಾಂತರಿಗಳಿಗೆ ಅನುಮತಿ ಕೊಡುವ ದೆಹಲಿಯ ಸಮಿತಿಯ ಒಪ್ಪಿಗೆಗೂ ಮೊದಲು ಈ ಊರುಗಳ ಮಾತು ಕೇಳಿಸು. ಸಭೆ ಕನ್ನಡದಲ್ಲಿ, ಕುರಿ ಹಟ್ಟಿ ಸೇರಿದ ಮೇಲೆ ನಡೆಯಲಿ. ದೇವರ ಎತ್ತು ಕಾಯುವ ಕಿಲಾರಿಗಳು ಮುಂದಿನ ಸಾಲಲ್ಲಿ ಕೂರಲಿ. ಅವರು ಬೇಡವೆಂದರೆ ಸಸಿಯನ್ನು ಗಾಜಿನಮನೆಯಲ್ಲೇ ಇಟ್ಟುಕೊಳ್ಳುವ ಮನಸ್ಸನ್ನು ಸಂಶೋಧಕರಿಗೆ ಕೊಡು. ಆಗಲಿ ಎಂದರೆ, ಹಕ್ಕಿ ಹಣ್ಣಿಗೆ ಬಾಯಿ ಹಾಕದಂತೆ ಬಲೆ ಕಟ್ಟಿ ಕಾಯುವ ಕೆಲಸಕ್ಕೆ, ವರ್ಷ ವರ್ಷ ಲೆಕ್ಕ ಬರೆಯುವ ಕೆಲಸಕ್ಕೆ, ಅವರ ಮಕ್ಕಳನ್ನೂ ಸೇರಿಸಿಕೊಳ್ಳಲಿ ಸ್ವಾಮಿ.