ಮನಸ್ಸುಂಟು, ಮಾರ್ಗವಿಲ್ಲ

ಮನಸ್ಸಿದ್ದರೆ ಮಾರ್ಗವೆಂದು ನಾವೆಲ್ಲರೂ ಹೇಳುವುದುಂಟು. ಅಡಿಕೆಯ ಮರದಿಂದ ಬಿದ್ದು ಹಾಸಿಗೆ ಹಿಡಿದವನ ಮುಂದೆಯೂ ಕೆಲವರು ಇದನ್ನೇ ನುಡಿದು, "ನೀನು ಮನಸ್ಸು ಮಾಡುವುದಿಲ್ಲ, ಏಳು" ಎಂದು ಗದರಿಸುತ್ತಾರೆ. ಇದು ನ್ಯಾಯವೋ? ಪ್ರಿಯ ವಾಚಕರೇ, ತೀರ್ಪು ಹೇಳುವ ಮೊದಲು ಶರೀರದ ಏರ್ಪಾಡನ್ನು ತುಸು ನೋಡೋಣ.

ಮಿದುಳಿನ ಅಪ್ಪಣೆಯು ಬೆನ್ನೆಲುಬಿನೊಳಗಿನ ಹುರಿಯ ಮೂಲಕ ಇಳಿದು ಕೈಕಾಲುಗಳಿಗೆ ಮುಟ್ಟುತ್ತದೆ. ನೋವು, ಬಿಸಿ, ಸ್ಪರ್ಶ ಇವುಗಳ ವರ್ತಮಾನವು ಅದೇ ಹುರಿಯಲ್ಲಿ, ಆದರೆ ಬೇರೆ ತಂತುಗಳಲ್ಲಿ, ಮೇಲಕ್ಕೇರುತ್ತದೆ. ಹುರಿಯ ಮುಂದಣ ಬೇರುಗಳು ಚಲನೆಗೂ ಹಿಂದಣವು ಅರಿವಿಗೂ ಸೇರಿದವೆಂದು ಫ್ರಾನ್ಸ್ ದೇಶದ ಮಜಾಂಡಿ ಎಂಬ ಪಂಡಿತರು 1822ರಲ್ಲಿ ತೋರಿಸಿಕೊಟ್ಟರು. ಅಪ್ಪಣೆಯ ತಂತುಗಳಲ್ಲಿ ಹೆಚ್ಚಿನವು ಹುರಿಗೆ ಇಳಿಯುವ ಮೊದಲೇ ಪಕ್ಕ ಬದಲಾಯಿಸುತ್ತವೆ. ನೋವಿನವಾದರೋ ಹುರಿಯನ್ನು ಹೊಕ್ಕ ಮೇಲೆ ದಾಟುತ್ತವೆ. ಆದುದರಿಂದ ಹುರಿಯ ಒಂದೇ ಪಾರ್ಶ್ವವು ಕಡಿದರೆ ಆ ಪಕ್ಕದ ಕಾಲು ಚಲಿಸದು, ಸೂಜಿ ಚುಚ್ಚಿದ ನೋವು ತಿಳಿಯದಿರುವುದೋ ಮತ್ತೊಂದು ಕಾಲಿಗೆ!

ಹುರಿಯು ಪೂರ್ಣವಾಗಿ ಕಡಿದವನಲ್ಲಿ ಇಚ್ಛೆಯು ಎಳ್ಳಷ್ಟೂ ಕುಂದಿರುವುದಿಲ್ಲ. ಅವನು ದಿನಕ್ಕೆ ನೂರು ಸಲ ಕಾಲಿಗೆ ಅಪ್ಪಣೆ ಕೊಡುತ್ತಾನೆ, ಅದು ಅರ್ಧದಾರಿಯಲ್ಲೇ ನಿಲ್ಲುತ್ತದೆ. ಸಂಕ ಕೊಚ್ಚಿಹೋದ ದಿನ ಕಾಗದ ಬಾರದಿದ್ದರೆ ಬರೆದವನನ್ನು ಸೋಮಾರಿಯೆನ್ನುವೆವೇ?

ನೆರೆಯವರನ್ನು ಹೆಚ್ಚಾಗಿ ಮೋಸಗೊಳಿಸುವ ಸಂಗತಿ ಬೇರೊಂದುಂಟು. ಅವನ ಕಾಲು ಒಮ್ಮೊಮ್ಮೆ ತಟ್ಟನೆ ಸೆಳೆದುಕೊಳ್ಳುತ್ತದೆ. "ಬೇಕಾದಾಗ ಆಡಿಸುತ್ತಾನಲ್ಲ!" ಎಂದು ಅವರು ಪಿಸುಗುಟ್ಟುತ್ತಾರೆ. ಗಾಯದ ಕೆಳಗಿನ ಹುರಿಯು ಮಿದುಳನ್ನು ಕೇಳದೆ ತಾನೇ ಆ ಕಾಲನ್ನು ಎಳೆಯುತ್ತದೆ; ರೋಗಿಯು ಅದನ್ನು ಮಾಡಿದವನಲ್ಲ, ನೋಡಿದವನು. ಕಂಡ ಚಲನೆಯಿಂದ ಕಾಣದ ಮನಸ್ಸನ್ನು ಅಳೆಯುವ ನಮ್ಮ ಅಭ್ಯಾಸವು ಇಲ್ಲಿ ಶುದ್ಧ ಕ್ರೌರ್ಯವೇ ಸರಿ.

ಮೇಲಕ್ಕೇರುವ ದಾರಿಯೂ ಕಡಿದಿರುವುದರಿಂದ ಮಲಗಿದ ಪಕ್ಕದ ಚರ್ಮವು ಕೊಳೆಯತೊಡಗಿದರೂ ಅವನಿಗೆ ತಿಳಿಯದು. ಆ ವರ್ತಮಾನವನ್ನು ಮನೆಯವರ ಕಣ್ಣೇ ತರಬೇಕು. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಗುಟ್‌ಮನ್ ಎಂಬ ವೈದ್ಯರು 1944ರಿಂದ ಇಂಥವರನ್ನು ಹಗಲಿರುಳು ಎರಡು ತಾಸಿಗೊಮ್ಮೆ ಹೊರಳಿಸುವ ನಿಯಮವಿಟ್ಟರು. ಬಡವರ ಗುಡಿಸಲಲ್ಲಿಯೂ ನಡೆಯತಕ್ಕ ಔಷಧವಿದು. ನಿದ್ರೆಗೆಡುವುದೊಂದೇ ಅದರ ಕ್ರಯ.

ವೆಲ್ಲೂರಿನ ವೈದ್ಯೆ ಮೇರಿ ವರ್ಗೀಸರು 1954ರಲ್ಲಿ ಮೋಟಾರು ಅಪಘಾತದಿಂದ ಕಾಲುಗಳ ಸ್ವಾಧೀನವನ್ನು ಕಳಕೊಂಡರು. ಕೈಗಳ ತಂತುಗಳು ಗಾಯಕ್ಕಿಂತ ಮೇಲೆಯೇ ಹುರಿಯನ್ನು ಬಿಟ್ಟು ಹೊರಡುವುದರಿಂದ ಅವು ಕೆಡಲಿಲ್ಲ. ಆಕೆಯು ಗಾಲಿಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳ ಮಡಚಿದ ಬೆರಳುಗಳನ್ನು ಶಸ್ತ್ರಕ್ರಿಯೆಯಿಂದ ಬಿಡಿಸಿಕೊಟ್ಟರು.