ಕಾಯದ ಮೇಲೆ ಶಸ್ತ್ರ: ಒಂದು ಜಿಜ್ಞಾಸೆ

ನಾಟಿಯ ಕಾಲದಲ್ಲಿ ಸಿಂಧನೂರಿನ ಸುತ್ತಣ ಊರುಗಳನ್ನು ಹಾದುಹೋದವರು, ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಂಡ ಗದ್ದೆಗಳಲ್ಲಿ ಹೆಣ್ಣುಮಕ್ಕಳು ಸಾಲಾಗಿ ಬಾಗಿ ಸಸಿ ಊರುವುದನ್ನು ಕಂಡೇ ಇರುತ್ತಾರೆ. ನನ್ನ ಅಕ್ಕನೂ ನಾಲ್ವತ್ತು ವರ್ಷ ಹಾಗೆ ಬಾಗಿದವಳು. ಈಗ ಮಸ್ಕಿಯಲ್ಲಿ ಮಗಳ ಮನೆಯಲ್ಲಿದ್ದಾಳೆ. ನೂರು ಹೆಜ್ಜೆ ನಡೆದರೆ ಎರಡೂ ಕಾಲು ಜೋಮು ಹಿಡಿದು ಉರಿಯುತ್ತವೆ. ಕುಳಿತು ಮುಂದಕ್ಕೆ ಬಾಗಿದರೆ ನೋವು ಇಳಿಯುತ್ತದೆ. ಸೊಂಟದ ನಾಲ್ಕನೆಯ ಮಣಿಯು ಐದನೆಯದರ ಮೇಲೆ ಮುಂದಕ್ಕೆ ಜಾರಿದೆಯೆಂದು ವೈದ್ಯರು ಹೇಳಿದರು. ಶಸ್ತ್ರಚಿಕಿತ್ಸೆಯ ಮಾತು ಬಂದಾಗ ಅವಳು ನನ್ನನ್ನು ಕೇಳಿದಳು: “ಶಿವ ಕೊಟ್ಟ ಮೈಯನ್ನು ಕೊಯ್ಯಿಸಿಕೊಂಡು, ಅದರೊಳಗೆ ಮೊಳೆ ಹೊಡೆಸಿಕೊಳ್ಳುವುದು ದೇಹಮೋಹವಲ್ಲವೇನಪ್ಪಾ?”

ನಾನು ಶಾಸ್ತ್ರದ ನಾಲ್ಕು ಮಾತು ಹೇಳಿ ಸುಮ್ಮನಾದೆ. ಅದು ಉತ್ತರವಾಗಿರಲಿಲ್ಲ.

ಮೊದಲು ವ್ಯಾಧಿಯ ಸ್ವರೂಪವನ್ನು ತಿಳಿಯಬೇಕು. ವಯಸ್ಸಾದಂತೆ ಮಣಿಗಳ ನಡುವಣ ಮೆದುಬಿಲ್ಲೆಯು ಸವೆದು, ಹಿಂದಿನ ಕೀಲುಗಳು ಸಡಿಲಗೊಂಡು, ಎಲುಬು ಮುರಿಯದೆಯೇ ಮಣಿಯು ಮುಂದಕ್ಕೆ ಸರಿಯುತ್ತದೆ. ಆಗ ನರಗಳು ಹಾಯುವ ದಾರಿ ಇಕ್ಕಟ್ಟಾಗುತ್ತದೆ. ಐವತ್ತು ದಾಟಿದವರಲ್ಲಿ, ಅದರಲ್ಲಿಯೂ ಸ್ತ್ರೀಯರಲ್ಲಿ ಇದು ಹೆಚ್ಚು. ಇದನ್ನು ಪೂರ್ವಜನ್ಮದ ಪಾಪಫಲವೆನ್ನುವ ನೆರೆಹೊರೆಯವರ ಬಾಯಿಗೆ ಅಂಜಬೇಕಾದುದಿಲ್ಲ. ಗದ್ದೆಯ ಮೋರೆ ಕಾಣದವರಿಗೂ, ಜಪತಪಾದಿಗಳಲ್ಲಿ ನಿರತರಾದವರಿಗೂ ಇದು ಬರುತ್ತದೆ. ಬಹುಮಂದಿಗೆ ಔಷಧ, ವ್ಯಾಯಾಮಗಳಿಂದಲೇ ನಿರ್ವಾಹವಾಗುತ್ತದೆ. ಆದರೆ ಮಲಮೂತ್ರಗಳ ಹಿಡಿತ ತಪ್ಪಿದರೆ, ಕಾಲಿನ ಬಲ ಕುಂದುತ್ತಾ ಬಂದರೆ ಜಿಜ್ಞಾಸೆ ಮಾಡುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ಹೋಗತಕ್ಕದ್ದು.

ಉಳಿದವರ ಪಾಲಿಗೇ ನಮ್ಮ ಪ್ರಶ್ನೆ ಉಳಿಯುವುದು. ಅಲ್ಲಿ ನನಗೆ ನೆನಪಾದವರು ನಮ್ಮ ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳು. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವರ ಕಾಯಕ. ಅದೂ ಬೆನ್ನು ಬಾಗಿಸುವ ಕಾಯಕವೇ. ಮಾರಯ್ಯನು ಅನುಭಾವದ ಮಾತಿನಲ್ಲಿ ಮೈಮರೆತು ಕಾಯಕವನ್ನು ಮರೆತಾಗ ಲಕ್ಕಮ್ಮ ಎಚ್ಚರಿಸಿದಳು. ಮೋಕ್ಷದ ಮಾತಿಗಾಗಿಯಾದರೂ ಕಾಯಕವನ್ನು ಬಿಡಲೊಪ್ಪದ ಆಕೆಯು, ಕಾಯಕಕ್ಕೆ ಆಧಾರವಾದ ಕಾಯವನ್ನು ವೈರಾಗ್ಯದ ಹೆಸರಿನಲ್ಲಿ ಕೆಡಬಿಡಲು ಒಪ್ಪುತ್ತಿದ್ದಳೆ? ನನ್ನ ಅಕ್ಕನದು ದೇಹಮೋಹವಲ್ಲ. ನೀರು ತರಬೇಕು, ಮೊಮ್ಮಗನನ್ನು ಶಾಲೆಗೆ ಬಿಡಬೇಕು, ಕುಳಿತಲ್ಲಿಂದ ಎದ್ದು ಜಂಗಮರಿಗೆ ನಾಲ್ಕು ತುತ್ತು ಬಡಿಸಬೇಕು. ಇಷ್ಟೇ ಅವಳ ಆಸೆ. 2007ರಲ್ಲಿ ಪ್ರಕಟವಾದ ಅಮೆರಿಕದ ಒಂದು ದೊಡ್ಡ ಅಧ್ಯಯನದಲ್ಲಿ, ಇದೇ ವ್ಯಾಧಿಗೆ ಶಸ್ತ್ರಚಿಕಿತ್ಸೆ ಪಡೆದವರು ಎರಡು ವರ್ಷಗಳ ನಂತರ ಪಡೆಯದವರಿಗಿಂತ ಹೆಚ್ಚು ನೆಮ್ಮದಿಯಲ್ಲಿದ್ದುದು ಕಂಡುಬಂದಿತು.

ಆದರೆ ಲಕ್ಕಮ್ಮನ ಕಥೆಗೆ ಇನ್ನೊಂದು ಮಗ್ಗುಲುಂಟು. ಒಂದು ದಿನ ಮಾರಯ್ಯನು ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಮಿಕ್ಕುದನ್ನು ಅಲ್ಲಿಯೇ ಸುರಿದು ಬರುವಂತೆ ಆಕೆ ಹೇಳಿ ಕಳುಹಿಸಿದಳು. ಶಸ್ತ್ರವೈದ್ಯದಲ್ಲಿಯೂ ಈ ಅಳತೆಯ ಪ್ರಶ್ನೆ ಇದೆ. ನರದ ಮೇಲಿನ ಒತ್ತಡವನ್ನು ತೆಗೆಯುವುದು ಒಂದು ಕ್ರಮ. ಅದರ ಮೇಲೆ ಲೋಹದ ತಿರುಪು, ಸರಳುಗಳನ್ನು ಹಾಕಿ ಮಣಿಗಳನ್ನು ಬೆಸೆಯುವುದು ಇನ್ನೊಂದು. ಎರಡನೆಯದರಲ್ಲಿ ಸಮಯವೂ ರಕ್ತವೂ ಹಣವೂ ಹೆಚ್ಚು ಹೋಗುತ್ತವೆ. 2016ರಲ್ಲಿ ಪ್ರಕಟವಾದ ಸ್ವೀಡನ್ನಿನ ಪರೀಕ್ಷೆಯಲ್ಲಿ ಬೆಸೆದುದರಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಅದೇ ವರ್ಷ ಅಮೆರಿಕದ ಸಣ್ಣದೊಂದು ಪರೀಕ್ಷೆಯಲ್ಲಿ ಅಲ್ಪ ಲಾಭ ಕಂಡಿತು. 2021ರಲ್ಲಿ ನಾರ್ವೆಯವರು 267 ರೋಗಿಗಳನ್ನು ಪರೀಕ್ಷಿಸಿ, ಒತ್ತಡವನ್ನಷ್ಟೇ ತೆಗೆದುದು ಬೆಸುಗೆಗಿಂತ ಕಡಮೆಯಾದುದಲ್ಲವೆಂದು ಕಂಡರು. ಹಾಗೆಂದು ಬೆಸುಗೆಯೆಲ್ಲ ಲೋಭವೆಂದು ವೈದ್ಯರನ್ನು ದೂರುವುದು ಅನ್ಯಾಯ. ಬಾಗಿದಾಗಲೆಲ್ಲ ಮಣಿ ಬಹಳವಾಗಿ ಅಲುಗುತ್ತಿದ್ದರೆ ಬೆಸೆಯುವುದೇ ಯುಕ್ತವಾಗಬಹುದು. ಯಾರಿಗೆ ಎಷ್ಟು ಬೇಕೆಂಬುದು ಅವರವರ ಬೆನ್ನನ್ನು ನೋಡಿಯೇ ತೀರ್ಮಾನವಾಗಬೇಕು. ಆದರೆ ಕೇಳದೆ ಒಪ್ಪಬಾರದು. ನಮ್ಮ ಜನ ವೈದ್ಯರ ಮುಂದೆ ಕೈಮುಗಿದು ನಿಲ್ಲುವರೇ ಹೊರತು ಬಾಯಿ ಬಿಡುವುದಿಲ್ಲ.

ಇದನ್ನೆಲ್ಲ ಅಕ್ಕನಿಗೆ ಹೇಳಿದೆ. ಲಕ್ಕಮ್ಮನ ಮಾತು ಬಂದಾಗ ನಕ್ಕಳು. “ಹಾಗಾದರೆ ನನಗೆ ಬೇಕಾದಷ್ಟೇ ಕೊಯ್ಯಲಿ” ಎಂದಳು. ಬರುವ ಸೋಮವಾರ ರಾಯಚೂರಿಗೆ ಹೋಗುವವಳಿದ್ದಾಳೆ. ಅವಳಿಗೆ ಓದು ಬಾರದು, ಆದುದರಿಂದ ಒಂದು ಚೀಟಿಯಲ್ಲಿ ಬರೆದು ಮೊಮ್ಮಗನ ಕೈಗೆ ಕೊಟ್ಟಿದ್ದೇನೆ: “ಒತ್ತಡ ತೆಗೆದರೆ ಸಾಕೇ, ಬೆಸೆಯಲೂ ಬೇಕೇ? ಬೇಕಾದರೆ ಏಕೆ?”