ಔಷಧವು ಯಾರಿಗೆ?

ಚಿಕಿತ್ಸೆಗೆ ನಾಲ್ಕು ಪಾದಗಳೆಂದು ಚರಕಸಂಹಿತೆಯು ಹೇಳುವುದು: ವೈದ್ಯ, ಔಷಧ, ಪರಿಚಾರಕ, ರೋಗಿ. ಒಂದೊಂದಕ್ಕೂ ನಾಲ್ಕು ನಾಲ್ಕು ಗುಣಗಳು. ಪಾಠಶಾಲೆಯಲ್ಲಿ ಇದನ್ನು ಉರುಹಾಕಿದಾಗ ನನಗೊಂದು ಸಂದೇಹವು ಹುಟ್ಟಿತು. ಔಷಧದ ಗುಣಗಳಲ್ಲಿ ಮೊಟ್ಟಮೊದಲು ಎಣಿಸಿರುವುದು 'ಬಹುತಾ', ಎಂದರೆ ಸಮೃದ್ಧವಾಗಿ ದೊರೆಯುವಿಕೆ. ರೋಗವನ್ನು ಕಳೆಯುವ ಶಕ್ತಿಯಲ್ಲವೆ ಮೊದಲು ಬರಬೇಕಾದುದು? ದೊರೆಯುವುದು, ದೊರೆಯದಿರುವುದು ಮೂಲಿಕೆಯ ಗುಣ ಹೇಗಾದೀತು? ಗುರುಗಳನ್ನು ಕೇಳಿದೆನು. ಅವರು ನಕ್ಕು, "ನಿನಗೆ ಕಾಯಿಲೆಯಾದಾಗ ತಿಳಿಯುವುದು" ಎಂದರು. ಅದು ತಿಳಿದುದು ಐವತ್ತು ವರ್ಷಗಳ ಮೇಲೆ, 2024ನೆಯ ಇಸವಿಯ ಮಳೆಗಾಲದಲ್ಲಿ.

ನನಗೆ ಖಿನ್ನತೆಯೆಂಬ ರೋಗವಿರುವುದು. ಈ ಒಂದು ವಾಕ್ಯವನ್ನು ಬರೆಯುವ ಧೈರ್ಯಕ್ಕೆ ಬಹುಕಾಲ ಹಿಡಿಯಿತು. ದುಃಖವೇ ಬೇರೆ, ಇದೇ ಬೇರೆ. ದುಃಖಕ್ಕೆ ಕಾರಣವುಂಟು, ಅತ್ತರೆ ಹಗುರಾಗುವುದು. ಇದರಲ್ಲಿ ಅಳುವೂ ಬಾರದು. ಬೆಳಗಿನ ಜಾವ ಮೂರು ಗಂಟೆಗೆ ಎಚ್ಚರವಾಗುವುದು, ಅನ್ನಕ್ಕೆ ರುಚಿಯಿಲ್ಲ, ಮೂವತ್ತು ವರ್ಷಕಾಲ ಪಾಠ ಹೇಳಿದ ಶಾಕುಂತಲವನ್ನು ತೆರೆದರೆ ಅಕ್ಷರಗಳು ಮಾತ್ರ ಕಾಣುವುವು. ಶಿವಮೊಗ್ಗೆಯ ವೈದ್ಯರು ಈಚಿನ ಬಗೆಯ ಎರಡು ಗುಳಿಗೆಗಳನ್ನು ಒಂದಾದಮೇಲೊಂದು ಕೊಟ್ಟು ನೋಡಿದರು, ಒಗ್ಗಲಿಲ್ಲ. ಕಡೆಗೆ ಹೃದಯವನ್ನು ಪರೀಕ್ಷಿಸಿ, ಇಮಿಪ್ರಮಿನ್ ಎಂಬ ಹಳೆಯ ಔಷಧವನ್ನು ಬರೆದುಕೊಟ್ಟರು. ಸ್ವಿಟ್ಜರ್ಲೆಂಡಿನ ಮ್ಯೂನ್ಸ್ಟರ್ಲಿಂಗೆನ್ ಎಂಬ ಊರಿನ ಆಸ್ಪತ್ರೆಯಲ್ಲಿದ್ದ ರೋಲಂಡ್ ಕೂನ್ ಎಂಬ ವೈದ್ಯರು ಇದರ ಗುಣವನ್ನು ಕಂಡು 1957ರಲ್ಲಿ ಪ್ರಕಟಿಸಿದರು. ಬೇರೊಂದು ಮನೋರೋಗಕ್ಕೆ ಆದೀತೆಂದು ಪರೀಕ್ಷಿಸಿದಾಗ ಅಲ್ಲಿ ಪ್ರಯೋಜನಕ್ಕೆ ಬಾರದೆ, ಖಿನ್ನರಾದವರಿಗೆ ಒದಗಿತಂತೆ. ನನಗೂ ಒದಗಿತು. ಆರು ವಾರಗಳು ಕಳೆಯುವಷ್ಟರಲ್ಲಿ ಶಾಕುಂತಲವು ಮರಳಿ ಬಂದಿತು.

ಆದರೆ ಹಳೆಯ ಔಷಧವಾದುದರಿಂದ ಅದನ್ನು ಬರೆಯುವ ವೈದ್ಯರು ಕಡಮೆ. ಬರೆಯುವವರು ಕಡಮೆಯಾದುದರಿಂದ ಇಟ್ಟುಕೊಳ್ಳುವ ಅಂಗಡಿಗಳೂ ಕಡಮೆ. ನಮ್ಮದು ಮಲೆನಾಡಿನ ಸಣ್ಣ ಊರು. ಭಾದ್ರಪದದ ಒಂದು ಸಾಯಂಕಾಲ, ಡಬ್ಬಿಯಲ್ಲಿ ಎರಡು ದಿನದ ಗುಳಿಗೆಗಳು ಉಳಿದಿರಲು, ಕೊಡೆ ಹಿಡಿದು ಹೊರಟೆನು. ಮೊದಲನೆಯ ಅಂಗಡಿಯಲ್ಲಿ, "ಅದು ಈಗ ಬರುವುದಿಲ್ಲ" ಎಂದರು. ಎರಡನೆಯದರಲ್ಲಿ ಮೊಬೈಲಿನಿಂದ ತಲೆಯೆತ್ತದೆಯೇ ಇಲ್ಲವೆಂದರು. ಮೂರನೆಯವನು ಸತ್ಯವಂತನು: "ತರಿಸಿದರೆ ವರ್ಷಕ್ಕೆ ಎರಡು ಪಟ್ಟಿ ಹೋಗುತ್ತದೆ ಸ್ವಾಮಿ, ಉಳಿದದ್ದು ಅವಧಿ ಮೀರಿ ಕಸಕ್ಕೆ ಬೀಳುತ್ತದೆ" ಎಂದನು. ಅವನ ಮಾತಿನಲ್ಲಿ ಅನ್ಯಾಯವೇನೂ ಇಲ್ಲ. ಚರಕರ ನಾಲ್ಕು ಪಾದಗಳಲ್ಲಿ ಮಾರುವವನಿಗೆ ಸ್ಥಾನವಿಲ್ಲ; ಸ್ಥಾನವಿಲ್ಲದವನ ಮೇಲೆ ಧರ್ಮವನ್ನು ಹೊರಿಸುವುದೆಂತು? ಆದರೂ ಒಂದು ಮಾತು. ಅಂಗಡಿಯಿಂದ ಅಂಗಡಿಗೆ ತಿರುಗಲು ಬೇಕಾದ ಉತ್ಸಾಹವನ್ನೇ ಈ ರೋಗವು ಮೊದಲು ಕಸಿದುಕೊಳ್ಳುವುದು. ಕಾಲು ಮುರಿದವನನ್ನು ಊರುಗೋಲಿಗಾಗಿ ಬೆಟ್ಟ ಹತ್ತಿಸಿದಂತೆ.

ನಾಲ್ಕನೆಯ ಅಂಗಡಿಯು ನನ್ನ ಹಳೆಯ ವಿದ್ಯಾರ್ಥಿಯದು. ಅಲ್ಲಿಗೆ ಕಡೆಯಲ್ಲಿ ಹೋದುದಕ್ಕೆ ಕಾರಣವನ್ನು ವಾಚಕರು ಊಹಿಸಬಹುದು. ವೈದ್ಯರ ಚೀಟಿಯು ಜೇಬಿನಲ್ಲಿದ್ದಿತು. ಅದರಲ್ಲಿ ನನ್ನ ಹೆಸರೂ, ಮನೋರೋಗತಜ್ಞರ ಮುದ್ರೆಯೂ ಇದ್ದುವು. ಅದನ್ನು ತೆಗೆಯದೆ ಖಾಲಿ ಪಟ್ಟಿಯನ್ನು ಮಾತ್ರ ಮುಂದಿಟ್ಟೆನು. ಇಂತಹ ಔಷಧವನ್ನು ಚೀಟಿಯಿಲ್ಲದೆ ಮಾರಬಾರದೆಂಬುದು ನಿಯಮ. ಮೇಷ್ಟ್ರ ಮೇಲಿನ ಗೌರವದಿಂದ ಅವನು ಕೇಳಲಿಲ್ಲ. ಪಟ್ಟಿಯನ್ನು ತಿರುಗಿಸಿ ನೋಡಿ, ಸಹಜವಾಗಿ, "ಯಾರಿಗೆ ಮೇಷ್ಟ್ರೇ? ಮೊಮ್ಮಗನಿಗೋ? ರಾತ್ರಿ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಾನೆಯೆ?" ಎಂದನು. ಮಕ್ಕಳ ಆ ತೊಂದರೆಗೂ ಇದೇ ಔಷಧವನ್ನು ಕೊಡುವುದುಂಟು. ಪಕ್ಕದಲ್ಲಿ ಇಬ್ಬರು ಪರಿಚಿತರು ನಿಂತಿದ್ದರು. ನಾನು ತಲೆಯಾಡಿಸಿದೆನು.

ತಲೆಯಾಡಿಸಿದುದು ಸುಳ್ಳಾಗುವುದೆ? ಧರ್ಮರಾಜನು ದ್ರೋಣರಿಗೆ ಅರ್ಧವನ್ನು ಗಟ್ಟಿಯಾಗಿಯೂ ಅರ್ಧವನ್ನು ಮೆಲ್ಲಗೂ ಹೇಳಿದನು. ನೆಲದಿಂದ ನಾಲ್ಕಂಗುಲ ಮೇಲೆ ಹರಿಯುತ್ತಿದ್ದ ಅವನ ರಥವು ಕೆಳಗಿಳಿಯಿತು. ನಾನು ಧ್ವನಿಯನ್ನೇ ಹೊರಡಿಸಲಿಲ್ಲ. ಇಳಿಯಲು ನನಗೆ ರಥವಿಲ್ಲವೆಂಬುದು ಬೇರೆ ಮಾತು. ಕರ್ಣಪರ್ವದ ಕೌಶಿಕನನ್ನು ಸಾಕ್ಷಿಗೆ ಕರೆಯೋಣವೆಂದರೆ, ಅವನು ದಸ್ಯುಗಳಿಗೆ ನಿಜವನ್ನು ಹೇಳಿ, ಅಡಗಿದ್ದವರ ಸಾವಿಗೆ ಕಾರಣನಾಗಿ ನರಕಕ್ಕೆ ಹೋದವನು. ನನ್ನ ಸುಳ್ಳಿನಿಂದ ಯಾರ ಪ್ರಾಣವೂ ಉಳಿಯಲಿಲ್ಲ. ಇನ್ನು ಕಾನೂನು: 2017ರ ಮಾನಸಿಕ ಆರೋಗ್ಯ ಕಾಯಿದೆಯು ರೋಗಿಗೆ ಗೋಪ್ಯತೆಯ ಹಕ್ಕನ್ನು ಕೊಟ್ಟಿರುವುದು. ಅವಶ್ಯ ಔಷಧಗಳ ಪಟ್ಟಿಯಲ್ಲಿರುವುದನ್ನು ಸಮುದಾಯ ಆರೋಗ್ಯ ಕೇಂದ್ರದಿಂದ ಮೊದಲುಗೊಂಡು ಸರಕಾರಿ ಆಸ್ಪತ್ರೆಗಳಲ್ಲಿ ಧರ್ಮಾರ್ಥವಾಗಿ ಕೊಡಬೇಕೆಂದೂ ಅದರಲ್ಲಿರುವುದು. ಹಾಗಾದರೆ ಗುಟ್ಟಿಡುವುದು ನನ್ನ ಹಕ್ಕೇ ಅಲ್ಲವೆ ಎಂದು ಆ ರಾತ್ರಿ ವಾದಿಸಿಕೊಂಡೆನು. ಅಹುದು, ಮೌನವು ನನ್ನ ಹಕ್ಕು. "ಬೇಕಾದವರಿಗಪ್ಪ" ಎಂದಿದ್ದರೆ ಸಾಕಾಗಿತ್ತು. ಒಂಬತ್ತು ವರ್ಷದ ಹುಡುಗನ ಹಾಸಿಗೆಯನ್ನು ಒದ್ದೆಮಾಡುವ ಹಕ್ಕನ್ನು ಯಾವ ಕಾಯಿದೆಯೂ ನನಗೆ ಕೊಟ್ಟಿಲ್ಲ. ನನ್ನ ಮುಖವನ್ನು ಮುಚ್ಚಲು ಮಗುವಿನ ಬಟ್ಟೆಯನ್ನು ಎಳೆದುಕೊಂಡೆನು.

ಸುಳ್ಳಿಗೆ ಲೆಕ್ಕವೂ ಇದ್ದಿತು. ಅಂಗಡಿಯಲ್ಲಿದ್ದುದು 25 ಮಿಲಿಗ್ರಾಮಿನ ಹತ್ತು ಗುಳಿಗೆಗಳ ಒಂದೇ ಪಟ್ಟಿ. "ದಿನಕ್ಕೊಂದರಂತೆ ಹತ್ತು ದಿನ ಆಯಿತು. ಅಷ್ಟರಲ್ಲಿ ತರಿಸಿಡುತ್ತೇನೆ, ಅವಸರವಿಲ್ಲವಲ್ಲ?" ಎಂದನು. ನನಗೆ ಬೇಕಾದುದು ದಿನಕ್ಕೆ ಮೂರು. ಅವಸರವುಂಟೆಂದರೆ ಏಕೆಂದು ಹೇಳಬೇಕು. ಇಲ್ಲವೆಂದೆನು. ಮನೆಯಲ್ಲಿದ್ದುದೂ ಸೇರಿ ಐದು ದಿನ ನಡೆಯಿತು. ಈ ಔಷಧವನ್ನು ಥಟ್ಟನೆ ಬಿಡಬಾರದೆಂದು ವೈದ್ಯರು ಎಚ್ಚರಿಸಿದ್ದರು. ಬಿಟ್ಟ ಮೇಲೆ ಓಕರಿಕೆ, ತಲೆನೋವು, ನಿದ್ರೆಯಿಲ್ಲದ ರಾತ್ರಿಗಳು. ಮೂರನೆಯ ರಾತ್ರಿ ಜಗಲಿಯಲ್ಲಿ ಕುಳಿತು ಅಡಕೆಮರಗಳ ಮೇಲೆ ಸುರಿಯುವ ಮಳೆಯನ್ನು ಕೇಳುತ್ತಿದ್ದಾಗ ರೋಗಿಯ ನಾಲ್ಕು ಗುಣಗಳು ನೆನಪಾದುವು: ಸ್ಮೃತಿ, ವೈದ್ಯನ ಮಾತಿನಂತೆ ನಡೆಯುವಿಕೆ, ಅಭೀರುತ್ವ, ಜ್ಞಾಪಕತ್ವ. ಕಡೆಯ ಎರಡಕ್ಕೂ ಅರ್ಥ ಸರಳವಾದುದು: ಹೆದರದಿರುವುದು, ತನ್ನ ರೋಗವನ್ನು ತಾನು ತಿಳಿಯಹೇಳುವುದು. ಇವನ್ನು ಸದ್ಗುಣಗಳೆಂದು ಮಕ್ಕಳಿಗೆ ಬೋಧಿಸಿದವನು ನಾನು. ಅವು ಔಷಧದಷ್ಟೇ ಚಿಕಿತ್ಸೆಯ ಅಂಗಗಳೆಂಬುದು ಆಗ ಹೊಳೆಯಿತು. ಅಂಗಡಿಗಳಲ್ಲಿ ಬಹುತೆಯಿಲ್ಲವೆಂದು ದೂರಿದ ನನ್ನಲ್ಲಿ ಎರಡು ಗುಣಗಳು ದಾಸ್ತಾನಿರಲಿಲ್ಲ.

ಬೆಳಗಾದ ಮೇಲೆ ಹೋಗಿ ಚೀಟಿಯನ್ನು ಕೊಟ್ಟೆನು. ಆಗಲೂ ಇಬ್ಬರು ನಿಂತಿದ್ದರು. ಅವನು ಓದಿ, ನನ್ನ ಮುಖವನ್ನು ನೋಡದೆ, ಫೋನನ್ನೆತ್ತಿಕೊಂಡು ಶಿವಮೊಗ್ಗೆಯ ಸಗಟು ವ್ಯಾಪಾರಿಗೆ ಹೇಳಿದನು. ಆಮೇಲೆ ಸ್ವಲ್ಪ ಸಿಟ್ಟಿನಿಂದಲೇ, "ಮೊದಲನೆಯ ದಿನವೇ ಇದನ್ನು ತೋರಿಸಬಾರದಿತ್ತೆ ಮೇಷ್ಟ್ರೇ? ಮಧ್ಯಾಹ್ನದ ಬಸ್ಸಿಗೇ ಹಾಕಿಸುತ್ತಿದ್ದೆನಲ್ಲ" ಎಂದನು. ಅಂದು ನಾಲ್ಕು ಗಂಟೆಗೆ ಕಂಡಕ್ಟರನ ಕೈಯಿಂದ ಪೊಟ್ಟಣವು ಬಂದಿತು. ಈಗ ಪ್ರತಿ ತಿಂಗಳೂ ನನಗಾಗಿ ಒಂಬತ್ತು ಪಟ್ಟಿಗಳನ್ನು ತರಿಸಿಡುವನು. ಐದನೆಯ ಪಾದವೆಂದು ಅವನನ್ನು ಕರೆಯಬಹುದೇನೋ. ಸಂಹಿತೆಯನ್ನು ತಿದ್ದುವ ಅಧಿಕಾರ ನನಗಿಲ್ಲ.

ಒಂದು ಕೆಲಸವು ಉಳಿದಿದ್ದಿತು. ಹುಡುಗನು ಪೆನ್ಸಿಲು ತರಲು ಪೇಟೆಗೆ ಹೋಗಿದ್ದಾಗ, ಆ ಮೊದಲ ಸಾಯಂಕಾಲ ಪಕ್ಕದಲ್ಲಿ ನಿಂತಿದ್ದವರೊಬ್ಬರು, "ಈಗ ವಾಸಿಯಾಯಿತೇನಯ್ಯ?" ಎಂದು ಕೇಳಿದರಂತೆ. ಏನು ವಾಸಿಯಾಗಬೇಕೆಂದು ಅವನಿಗೆ ತಿಳಿಯಲಿಲ್ಲ. ಜಗಲಿಯಲ್ಲಿ ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆನು: ಅಜ್ಜನ ಮನಸ್ಸಿಗೆ ಕಾಯಿಲೆ, ಅದಕ್ಕೆ ಈ ಗುಳಿಗೆ, ನಾಚಿಕೆಯಾಗಿ ನಿನ್ನ ಹೆಸರನ್ನು ಹೇಳಿಬಿಟ್ಟೆನೆಂದು. ಅವನು ಪೆನ್ಸಿಲಿನ ತುದಿಯನ್ನು ಕಚ್ಚುತ್ತ ಬಹಳ ಹೊತ್ತು ಯೋಚಿಸಿದನು.

"ಅಜ್ಜ, ಹಾಗಾದರೆ ಅವರಿಗೆ ಹೋಗಿ ಹೇಳುವುದು ನೀನೋ, ನಾನೋ?"

ಕೊಡೆಯನ್ನು ತೆಗೆದುಕೊಂಡು ನಾನೇ ಹೋದೆನು.